ದೊಡ್ಡ ಗೆಂಡೆಗೆ ಗಾಳ: ಇಂಗ್ಲೆಂಡಿನ ಕೆರೆದಡದಲ್ಲಿ ಮೊದಲ ವರ್ಷ

ಊರ ಕೆರೆಯಲ್ಲಿ ಗೆಂಡೆ ಸಿಕ್ಕರೆ ಅದು ರಾತ್ರಿಯ ಸಾರಿಗೆ. ಇಂಗ್ಲೆಂಡಿನ ಕೆರೆಯಲ್ಲಿ ಸಿಕ್ಕರೆ ಒದ್ದೆ ಚಾಪೆಯ ಮೇಲೆ ಮಲಗಿಸಿ, ತೂಕ ನೋಡಿ, ಒಂದು ಫೋಟೊ ತೆಗೆದು, ಒಂದೆರಡು ನಿಮಿಷದಲ್ಲಿ ನೀರಿಗೆ ಬಿಡಬೇಕು. ಅಲ್ಲಿ ನೆಲೆಸಿರುವ ಕನ್ನಡಿಗರು ‘ಸ್ಪೆಸಿಮನ್ ಕಾರ್ಪ್ ಫಿಶಿಂಗ್’ ಎಂಬ ಈ ಹವ್ಯಾಸಕ್ಕೆ ಇಳಿಯುವ ಮುಂಚೆ ಈ ಒಂದು ವಿಷಯ ಮನಸ್ಸಿಗೆ ಹೋಗಿರಬೇಕು. ಸೀಸ ಸಿಕ್ಕಿಸುವ ರೀತಿ, ಕಾಳು ಬೇಯಿಸುವ ಹೊತ್ತು, ಬಲೆಯ ಅಗಲ, ಎಲ್ಲವೂ ಮೀನು ಬದುಕಿ ವಾಪಸು ಹೋಗಲಿ ಎಂಬ ಕಾಳಜಿಯಿಂದ ರೂಪುಗೊಂಡಿವೆ. ಅದನ್ನು ಹಿಡಿದುಕೊಂಡರೆ ಉಳಿದ ನಿಯಮಗಳು ತಾವಾಗಿ ಅರ್ಥವಾಗುತ್ತವೆ.

ಸ್ಪೆಸಿಮನ್ ಎಂದರೆ ಆಯಾ ಕೆರೆಯ ಮಟ್ಟಿಗೆ ಎದ್ದು ಕಾಣುವ ಗಾತ್ರದ ಮೀನು. ಒಂದು ಕಡೆ 15 ಪೌಂಡ್ ತೂಗುವುದೇ ದೊಡ್ಡದು, ಇನ್ನೊಂದು ಕಡೆ 30 ಪೌಂಡ್ ಅಂದರೆ ಹದಿಮೂರೂವರೆ ಕಿಲೊ ಬಂದರೂ ಅಚ್ಚರಿಯಿಲ್ಲ. ನಮ್ಮ ಕರ್ನಾಟಕದ ಕೆರೆಗಳಿಗೆ ಬಿತ್ತುವ ಸಾಮಾನ್ಯ ಗೆಂಡೆಯೇ ಅಲ್ಲಿಯದೂ. ಮೈತುಂಬ ಹುರುಪೆಯಿದ್ದರೆ ‘ಕಾಮನ್’, ಅಲ್ಲೊಂದು ಇಲ್ಲೊಂದು ದೊಡ್ಡ ಹುರುಪೆಯಿದ್ದರೆ ‘ಮಿರರ್’ ಎನ್ನುತ್ತಾರೆ. ಹೆರೆಫರ್ಡ್‌ಶೈರ್‌ನ ರೆಡ್‌ಮೈರ್ ಎಂಬ ಸಣ್ಣ ಕೊಳದಲ್ಲಿ 1952ರ ಸೆಪ್ಟೆಂಬರ್ 13ರಂದು ರಿಚರ್ಡ್ ವಾಕರ್ 44 ಪೌಂಡಿನ ಗೆಂಡೆ ಹಿಡಿದಾಗ ಈ ಹವ್ಯಾಸಕ್ಕೆ ನಿಜವಾದ ಆರಂಭ ಸಿಕ್ಕಿತು. ಆ ಮೀನು ಲಂಡನ್ ಮೃಗಾಲಯದ ತೊಟ್ಟಿಯಲ್ಲಿ 1971ರವರೆಗೂ ಬದುಕಿತ್ತು. 1980ರಲ್ಲಿ ಅದೇ ಕೊಳದಲ್ಲಿ ಕ್ರಿಸ್ ಯೇಟ್ಸ್ 51 ಪೌಂಡ್ 8 ಔನ್ಸಿನದನ್ನು ಹಿಡಿದು ಆ ದಾಖಲೆ ಮುರಿದರು. ಗೆಂಡೆಗೆ ಹಲವು ದಶಕಗಳ ಆಯಸ್ಸಿದೆ. ನಿಮ್ಮ ಗಾಳಕ್ಕೆ ಬರುವ ದೊಡ್ಡ ಮೀನು ನಿಮಗಿಂತ ಮುಂಚೆ ಎಷ್ಟೋ ಜನರ ಕೈ ಕಂಡಿರುತ್ತದೆ, ನಿಮ್ಮ ನಂತರ ಇನ್ನಷ್ಟು ಜನರ ಕೈಗೆ ಹೋಗಬೇಕಾಗಿದೆ.

ಕಾಗದಪತ್ರದ ಮಾತು ಬೇಗ ಮುಗಿಸೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 13 ವರ್ಷ ತುಂಬಿದ ಎಲ್ಲರಿಗೂ ರಾಡ್ ಲೈಸೆನ್ಸ್ ಬೇಕು. 13ರಿಂದ 16 ವರ್ಷದವರಿಗೆ ಅದು ಉಚಿತ, ಆದರೂ ಪಡೆದಿರಬೇಕು. ಇಲ್ಲದೆ ಸಿಕ್ಕಿಬಿದ್ದರೆ ದಂಡ 2,500 ಪೌಂಡ್‌ವರೆಗೆ ಹೋಗಬಹುದು. ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಗೆಂಡೆಗೆ ಗಾಳ ಹಾಕುವಂತಿಲ್ಲ. ಹೆಚ್ಚಿನ ಕೆರೆಗಳಿಗೆ ಈ ನಿರ್ಬಂಧವಿಲ್ಲ. ಲೈಸೆನ್ಸ್ ಸರ್ಕಾರದ್ದು, ಕೆರೆಯ ಟಿಕೆಟ್ ಬೇರೆ, ಎರಡೂ ಜೇಬಿನಲ್ಲಿರಬೇಕು. ಹೊಸಬರು ಕ್ಲಬ್ಬಿನ ಸದಸ್ಯತ್ವಕ್ಕೆ ಕಾಯದೆ, ದಿನದ ಟಿಕೆಟ್ ಕೊಡುವ, ಮೀನು ಹೇರಳವಾಗಿರುವ ಸಣ್ಣ ಕೆರೆಯಲ್ಲಿ ಶುರುಮಾಡುವುದು ಒಳ್ಳೆಯದು. ಜಲ್ಲಿ ತೆಗೆದ ಗುಂಡಿಗಳು ತುಂಬಿ ಆದ ವಿಶಾಲ ಕೆರೆಗಳು ಆಕ್ಸ್‌ಫರ್ಡ್ ಸುತ್ತಮುತ್ತ, ಲಂಡನ್ನಿನ ಪಶ್ಚಿಮಕ್ಕೆ ಕೋನ್ ಕಣಿವೆಯಲ್ಲಿ ಬೇಕಾದಷ್ಟಿವೆ. ಅವು ಎರಡನೇ ವರ್ಷಕ್ಕಿರಲಿ. ತಿಂಗಳುಗಟ್ಟಲೆ ಒಂದೂ ಕಚ್ಚದಿದ್ದರೆ ತಪ್ಪು ಎಲ್ಲಾಗುತ್ತಿದೆ ಎಂದು ಕಲಿಯಲು ದಾರಿಯೇ ಇರುವುದಿಲ್ಲ.

ಸಾಮಾನು ಕೊಳ್ಳುವಾಗ ಅಂಗಡಿಯವರು ಮೂರು ರಾಡ್ ತೋರಿಸುತ್ತಾರೆ. ಎರಡು ಸಾಕು. ಉದ್ದ 12 ಅಡಿ, ಟೆಸ್ಟ್ ಕರ್ವ್ 2.75 ಅಥವಾ 3 ಪೌಂಡ್. ರಾಡಿನ ತುದಿಯನ್ನು ಬುಡಕ್ಕೆ ಲಂಬವಾಗುವಷ್ಟು ಬಗ್ಗಿಸಲು ಬೇಕಾದ ಭಾರವೇ ಟೆಸ್ಟ್ ಕರ್ವ್. ಇದಕ್ಕಿಂತ ಗಡುಸಾದದ್ದು ದೂರಕ್ಕೆ ಎಸೆಯಲು ಸರಿ, ದಡದ ಹತ್ತಿರ ಮೀನು ಕೊಸರಿದಾಗ ಬಗ್ಗದೆ ಕೊಕ್ಕೆ ಕಿತ್ತುಬರುತ್ತದೆ. ರೀಲ್ ಫ್ರೀ ಸ್ಪೂಲ್ ಇರುವಂಥದ್ದಾಗಲಿ, ಅಂದರೆ ಮೀನು ಎಳೆದಾಗ ದಾರವನ್ನು ಸರಾಗವಾಗಿ ಬಿಡುವಂಥದ್ದು. ದಾರ 15 ಪೌಂಡ್ ಭಾರ ತಾಳುವ ನೈಲಾನ್. ಮೂರನೇ ರಾಡಿನ ಹಣವನ್ನು 42 ಇಂಚಿನ ಬಲೆ, ದಪ್ಪ ಸ್ಪಂಜಿನ ಚಾಪೆ, ತೂಕದ ಜೋಳಿಗೆ, ಗಾಯಕ್ಕೆ ಹಚ್ಚುವ ಔಷಧಿ, ಒಂದು ಬಕೆಟ್, ಇವುಗಳಿಗೆ ಹಾಕಿ. ಇವಿಲ್ಲದೆ ಬಂದವರನ್ನು ಎಷ್ಟೋ ಕೆರೆಗಳಲ್ಲಿ ಗೇಟಿನಿಂದಲೇ ವಾಪಸು ಕಳಿಸುತ್ತಾರೆ, ಕಳಿಸುವುದೇ ಸರಿ.

ಈಗ ಕೊಕ್ಕೆಯ ವಿಷಯ. ಇದಕ್ಕೆ ತುಸು ಹೆಚ್ಚು ಹೊತ್ತು ಕೊಡಬೇಕು. ಗೆಂಡೆ ನೆಲದ ಮೇಲಿನ ಆಹಾರವನ್ನು ತುಟಿ ಚಾಚಿ ಬಾಯಿಗೆಳೆದು, ರುಚಿ ನೋಡಿ, ಅನುಮಾನ ಬಂದರೆ ಕ್ಷಣದಲ್ಲಿ ಉಗುಳುತ್ತದೆ. ಎರೆಯನ್ನು ಕೊಕ್ಕೆಗೇ ಚುಚ್ಚಿದರೆ ಮೊನೆ ಎರೆಯೊಳಗೆ ಹುದುಗಿರುತ್ತದೆ, ಉಗುಳಿದಾಗ ಎರಡೂ ಒಟ್ಟಿಗೆ ಹೊರಬೀಳುತ್ತವೆ. 1980ರ ಹೊತ್ತಿಗೆ ಲೆನ್ನಿ ಮಿಡಲ್‌ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಎರೆಯನ್ನು ಕೊಕ್ಕೆಯಿಂದ ಬೇರ್ಪಡಿಸಿ ಒಂದು ತಲೆಗೂದಲಿಗೆ ಕಟ್ಟಿ ಇಳಿಬಿಟ್ಟರು. ‘ಹೇರ್ ರಿಗ್’ ಎಂಬ ಹೆಸರು ಆ ಕೂದಲಿನಿಂದಲೇ ಬಂತು. ಉಗುಳುವಾಗ ಬೆತ್ತಲೆ ಮೊನೆ ಕೆಳತುಟಿಗೆ ತಾಗುತ್ತದೆ, ಚುಚ್ಚಿತೆಂದು ಬೆದರಿ ಓಡಿದಾಗ ಸೀಸದ ಭಾರವೇ ಕೊಕ್ಕೆಯನ್ನು ಒಳಗೆ ನೆಡುತ್ತದೆ.

ಕಟ್ಟುವುದು ಹೀಗೆ. 25 ಪೌಂಡಿನ ಹೊದಿಕೆಯ ಹೆಣೆದ ದಾರ 30 ಸೆಂಟಿಮೀಟರ್ ಕತ್ತರಿಸಿ. ಒಂದು ತುದಿಯ 8 ಸೆಂಟಿಮೀಟರ್ ಹೊದಿಕೆಯನ್ನು ಉಗುರಿನಿಂದ ಸುಲಿದು, ಅಲ್ಲಿ ಸಣ್ಣ ಕುಣಿಕೆ ಹಾಕಿ. ಎರೆಸೂಜಿಯಿಂದ 15 ಮಿಲಿಮೀಟರಿನ ಉಂಡೆಯೊಂದನ್ನು ಆ ಕುಣಿಕೆಗೆ ಏರಿಸಿ, ಜಾರದಂತೆ ಪ್ಲಾಸ್ಟಿಕ್ ತುಣುಕು ಸಿಕ್ಕಿಸಿ. ಇನ್ನೊಂದು ತುದಿಯನ್ನು 6ನೇ ನಂಬರಿನ ಕೊಕ್ಕೆಯ ಕಣ್ಣಿಗೆ ಬೆನ್ನಿನ ಕಡೆಯಿಂದ, ಅಂದರೆ ಮೊನೆಗೆ ವಿರುದ್ಧವಾದ ಕಡೆಯಿಂದ ತೂರಿಸಿ ಎಳೆಯಿರಿ. ಉಂಡೆಗೂ ಕೊಕ್ಕೆಯ ಬಾಗಿಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ ಉಳಿದಾಗ ನಿಲ್ಲಿಸಿ. ಆ ಕೂದಲನ್ನು ಕೊಕ್ಕೆಯ ಬೆನ್ನಿಗೆ ಒತ್ತಿ ಹಿಡಿದು, ಉದ್ದನೆಯ ದಾರವನ್ನು ಕಣ್ಣಿನಿಂದ ಕೆಳಕ್ಕೆ ಒತ್ತೊತ್ತಾಗಿ 7 ಅಥವಾ 8 ಸುತ್ತು ಸುತ್ತಿ, ಮತ್ತೆ ಬೆನ್ನಿನ ಕಡೆಯಿಂದಲೇ ಕಣ್ಣಿಗೆ ತೂರಿಸಿ. ಎಂಜಲಿನಿಂದ ಒದ್ದೆ ಮಾಡಿ ನಿಧಾನವಾಗಿ ಬಿಗಿಯಿರಿ.

ಹೊಸಬರ ಗಂಟುಗಳಲ್ಲಿ ಹೆಚ್ಚಿನ ತಪ್ಪು ಆ ಕೊನೆಯ ತೂರಿಸುವಿಕೆಯಲ್ಲೇ. ಮುಂದಿನ ಕಡೆಯಿಂದ ತೂರಿಸಿದರೆ ಗಂಟು ನೋಡಲು ಸರಿಯಾಗಿಯೇ ಇರುತ್ತದೆ, ಕೊಕ್ಕೆ ಮಾತ್ರ ಬಾಯೊಳಗೆ ತಿರುಗುವುದಿಲ್ಲ. ಪರೀಕ್ಷೆ ಸುಲಭ: ಕೊಕ್ಕೆಯನ್ನು ಅಂಗೈ ಮೇಲಿಟ್ಟು ದಾರವನ್ನು ಮೆಲ್ಲಗೆ ಎಳೆಯಿರಿ. ಮೊನೆ ತಾನಾಗಿ ಕೆಳಕ್ಕೆ ಹೊರಳಿ ಚರ್ಮಕ್ಕೆ ತಾಗಬೇಕು, ಅಡ್ಡಡ್ಡ ಜಾರಿದರೆ ಬಿಚ್ಚಿ ಮತ್ತೆ ಕಟ್ಟಿ. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದಾಗ ಜಾರದೆ ಕಚ್ಚಿ ನಿಲ್ಲಬೇಕು, ಜಾರಿದರೆ ಆ ಕೊಕ್ಕೆ ಕಸಕ್ಕೆ. ಸಿದ್ಧವಾದ ದಾರದ ಉದ್ದ 15ರಿಂದ 18 ಸೆಂಟಿಮೀಟರ್ ಇರಲಿ. ಮುಳ್ಳಿಲ್ಲದ ಕೊಕ್ಕೆಯೋ ಸಣ್ಣ ಮುಳ್ಳಿನದೋ ಎಂಬುದನ್ನು ಕೆರೆಯ ಫಲಕ ಹೇಳುತ್ತದೆ, ಅದನ್ನು ಮೀರಬೇಡಿ.

ಸೀಸ ಎರಡೂವರೆಯಿಂದ ಮೂರು ಔನ್ಸ್, ಅಂದರೆ 70ರಿಂದ 85 ಗ್ರಾಮ್. ಇದನ್ನು ದಾರಕ್ಕೆ ಬಿಗಿದು ಕಟ್ಟಲೇಬಾರದು. ಲೆಡ್ ಕ್ಲಿಪ್ ಎಂಬ ಸಣ್ಣ ಪ್ಲಾಸ್ಟಿಕ್ ಕೊಂಡಿಯ ಕೈಗೆ ಸೀಸ ನೇತುಹಾಕಿ, ಮೇಲಿನಿಂದ ರಬ್ಬರಿನ ಟೋಪಿಯನ್ನು ಅರ್ಧ ಮಾತ್ರ ಒತ್ತಿ. ದಾರ ತುಂಡಾಗಿಯೋ ಸೀಸ ಕಳೆಗಿಡಕ್ಕೆ ಸಿಕ್ಕಿಯೋ ಮೀನು ಎಳೆದಾಗ ಟೋಪಿ ಸರಿದು ಸೀಸ ಬಿದ್ದುಹೋಗಬೇಕು. ಎಸೆಯುವಾಗ ಬೀಳುತ್ತದೆಂದು ಹೆದರಿ ಟೋಪಿಯನ್ನು ಪೂರ್ತಿ ಒತ್ತಿದವರು ಮುಕ್ಕಾಲು ಕಿಲೊಮೀಟರ್ ಅಗಲದ ಕೆರೆಯಲ್ಲಿ ಸೀಸಕ್ಕೆ ಕಟ್ಟಿದ ಮೀನನ್ನು ಬಿಟ್ಟು ಮನೆಗೆ ಹೋಗುತ್ತಾರೆ. ಕ್ಲಿಪ್ಪಿನ ಮೇಲೆ ಒಂದು ಮೀಟರ್ ರಬ್ಬರ್ ಕೊಳವೆ ಇದ್ದರೆ ದಾರ ಮೀನಿನ ಹುರುಪೆ ಎಬ್ಬಿಸುವುದಿಲ್ಲ.

ಎರೆಯ ವಿಷಯದಲ್ಲಿ ಕನ್ನಡದ ಅಡುಗೆಮನೆಗೆ ಅನುಕೂಲವಿದೆ. ಕಾವೇರಿಯಲ್ಲಿ ಮಹಶೀರ್‌ಗೆ ಬೇಯಿಸಿದ ರಾಗಿ ಉಂಡೆ ಗಾಳಕ್ಕೆ ಹಾಕುತ್ತಿದ್ದದ್ದು ಎಲ್ಲರಿಗೂ ಗೊತ್ತು. ಇಂಗ್ಲೆಂಡಿನ ‘ಬಾಯ್ಲಿ’ ಅದರ ದಾಯಾದಿ. 250 ಗ್ರಾಮ್ ಸಣ್ಣ ರವೆ, 250 ಗ್ರಾಮ್ ಸೋಯಾ ಹಿಟ್ಟು ಬೆರೆಸಿಟ್ಟುಕೊಳ್ಳಿ. ಇನ್ನೊಂದು ಪಾತ್ರೆಯಲ್ಲಿ ಐದಾರು ಮೊಟ್ಟೆ ಒಡೆದು, ಒಂದು ಚಮಚ ಬೆಳ್ಳುಳ್ಳಿ ಪುಡಿ ಹಾಕಿ ಕಲಕಿ. ಮೊಟ್ಟೆಗೆ ಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಚಪಾತಿಯ ಕಣಕಕ್ಕಿಂತ ತುಸು ಗಟ್ಟಿಯಾಗುವವರೆಗೆ ನಾದಿ. ಹತ್ತು ನಿಮಿಷ ಮುಚ್ಚಿಡಿ, ರವೆ ನೀರು ಹೀರಿಕೊಳ್ಳಲಿ. ಆತುರಪಟ್ಟು ಆಗಲೇ ಉರುಟಿದರೆ ಉಂಡೆ ಬಿರುಕು ಬಿಟ್ಟು ಕುದಿನೀರಿನಲ್ಲಿ ಒಡೆಯುತ್ತದೆ. 15 ಮಿಲಿಮೀಟರಿನ ಉಂಡೆಗಳನ್ನು ಒಂದೊಂದು ಹಿಡಿಯಷ್ಟೇ ಕುದಿಯುವ ನೀರಿಗೆ ಹಾಕಿ, ಒಂದೂವರೆಯಿಂದ ಎರಡು ನಿಮಿಷಕ್ಕೆ ತೆಗೆದು, ಬಟ್ಟೆಯ ಮೇಲೆ ಒಂದು ದಿನ ಆರಿಸಿ. ಹೆಚ್ಚು ಬೇಯಿಸಿದರೆ ವಾಸನೆ ನೀರಿಗೆ ಬಿಡುವುದಿಲ್ಲ. ಮಿಕ್ಕದ್ದು ಫ್ರೀಜರಿಗೆ, ಹೊರಗಿಟ್ಟರೆ ಬೂಸ್ಟು ಹಿಡಿಯುತ್ತದೆ.

ಮೆಕ್ಕೆಜೋಳ, ಕಾಬೂಲಿ ಕಡಲೆ ಕೂಡ ಒಳ್ಳೆಯ ಎರೆ. 24 ಗಂಟೆ ನೆನೆಸಿ, ಅರ್ಧ ಗಂಟೆ ಕುದಿಸಿ, ಬೆರಳಿನಲ್ಲಿ ಹಿಸುಕಿದರೆ ಮೆತ್ತಗಾಗಬೇಕು. ಅರೆಬೆಂದ ಕಾಳು ಮೀನಿನ ಹೊಟ್ಟೆಯಲ್ಲಿ ಊದಿಕೊಂಡು ಅದನ್ನು ಕೊಲ್ಲಬಲ್ಲದು. ಇದಕ್ಕಾಗಿಯೇ ಮನೆಯಲ್ಲಿ ಬೇಯಿಸಿದ ಕಾಳನ್ನು ಬೇಡವೆನ್ನುವ ಕೆರೆಗಳಿವೆ, ಕಡಲೆಕಾಯಿಯನ್ನಂತೂ ಹಲವು ಕಡೆ ನಿಷೇಧಿಸಿದ್ದಾರೆ. ಮೀನನ್ನು ಸೆಳೆಯಲು ಕೊಕ್ಕೆಯ ಸುತ್ತ ಎಷ್ಟು ಎರೆ ಚೆಲ್ಲಬೇಕು? ನೀರು ತಣ್ಣಗಿದ್ದಾಗ ಹತ್ತಿಪ್ಪತ್ತು ಉಂಡೆ ಸಾಕು. ಬೇಸಿಗೆಯಲ್ಲಿ ಅರ್ಧ ಕಿಲೊ, ಮೀನು ಬರುತ್ತಿದ್ದರೆ ಇನ್ನಷ್ಟು. ಒಮ್ಮೆ ಎಸೆದದ್ದನ್ನು ವಾಪಸು ತೆಗೆಯಲಾಗದು. ಹೊಸಬರ ಖಾಲಿ ದಿನಗಳಿಗೆ ಅತಿಯಾಗಿ ಚೆಲ್ಲುವುದೇ ದೊಡ್ಡ ಕಾರಣ.

ಅದಕ್ಕಿಂತಲೂ ದೊಡ್ಡ ಕಾರಣ ಒಂದಿದೆ: ಮೀನಿಲ್ಲದ ಜಾಗದಲ್ಲಿ ಕೂರುವುದು. ಕಾರ್ ಪಾರ್ಕಿಂಗಿಗೆ ಹತ್ತಿರವಿರುವ ಜಾಗ ಹಿಡಿಯುವ ಬದಲು, ಸಾಮಾನನ್ನೆಲ್ಲ ಕಾರಿನಲ್ಲೇ ಬಿಟ್ಟು ಕೆರೆಯನ್ನು ಒಂದು ಸುತ್ತು ಬನ್ನಿ. ನಸುಕಿನಲ್ಲಿ ಹಾರಿ ಬೀಳುವ ಮೀನು, ತೇಲಿ ಬರುವ ಸಣ್ಣ ಗುಳ್ಳೆಗಳ ಗುಂಪು, ದಡದ ಬಳಿ ಕದಡಿದ ನೀರು, ಅಲುಗುವ ಜೊಂಡು, ಇವನ್ನು ನೋಡಲು ಒಂದು ಗಂಟೆ ಕೊಡಿ. ಬೆಚ್ಚಗಿನ ನೈರುತ್ಯ ಗಾಳಿ ಬೀಸುವಾಗ ಅಲೆ ಬಡಿಯುವ ದಡವನ್ನು ತಪ್ಪದೆ ನೋಡಬೇಕು. ಜಾಗ ಗೊತ್ತಾದ ಮೇಲೆ ಬರೀ ಸೀಸ ಎಸೆದು, ದಾರ ಬಿಗಿ ಹಿಡಿದು ತಳ ಮುಟ್ಟುವುದನ್ನು ಕೈಯಿಂದ ಕೇಳಿಸಿಕೊಳ್ಳಿ. ‘ಟಕ್’ ಎಂದು ರಾಡಿಗೆ ಬಡಿದರೆ ಜಲ್ಲಿ, ಮೆತ್ತಗೆ ಕೂತರೆ ಕೆಸರು, ಏನೂ ತಿಳಿಯದಿದ್ದರೆ ಕಳೆಗಿಡ. ಕಳೆಯ ಪಕ್ಕದ ಗಟ್ಟಿ ನೆಲ ಸಿಕ್ಕರೆ ದಾರವನ್ನು ರೀಲಿನ ಕ್ಲಿಪ್ಪಿಗೆ ಸಿಕ್ಕಿಸಿ, 12 ಅಡಿ ಅಂತರದಲ್ಲಿ ನೆಟ್ಟ ಎರಡು ಕಡ್ಡಿಗಳ ನಡುವೆ ಸುತ್ತಿ ಎಣಿಸಿಕೊಳ್ಳಿ. ಮುಂದಿನ ಎಸೆತ ಕತ್ತಲಲ್ಲೂ ಅಲ್ಲಿಗೇ ಬೀಳುತ್ತದೆ. ಎಸೆದಾದ ಮೇಲೆ ಕ್ಲಿಪ್ಪಿನಿಂದ ದಾರ ಬಿಡಿಸಲು ಮರೆತರೆ ಮೀನು ಓಡಿದಾಗ ದಾರ ಹರಿಯುತ್ತದೆ, ಇಲ್ಲವೇ ರಾಡೇ ನೀರಿಗೆ ಹೋಗುತ್ತದೆ. ರಾಡನ್ನು ಹಾಕಿಟ್ಟು ದೂರ ಹೋಗುವುದು ಕಾನೂನಿನ ಪ್ರಕಾರವೂ ತಪ್ಪು.

ದಾರ ಅಲುಗಿದರೆ ಕೂಗುವ ಅಲಾರಂ ರಾಡಿನ ಕೆಳಗಿರುತ್ತದೆ. ಅದು ಒಂದೇ ಸಮ ಕೂಗಿದರೆ ರಾಡ್ ಎತ್ತಿ, ಜಗ್ಗಬೇಡಿ, ಕೊಕ್ಕೆ ಆಗಲೇ ನೆಟ್ಟಿರುತ್ತದೆ. ಒಂದೆರಡು ಸಲ ಪೀಪ್ ಎಂದು ಸುಮ್ಮನಾದರೆ ಮೀನಿನ ಮೈ ದಾರಕ್ಕೆ ತಾಗಿರಬಹುದು. ಅದು ಪದೇ ಪದೇ ಆದರೆ ಮೀನು ನಿಮ್ಮ ಎರೆಗಿಂತ ಈಚೆ ಇದೆ, ಹತ್ತಿರಕ್ಕೆ ಹಾಕಿ. ಮೀನು ದಡಕ್ಕೆ ಬಂದಾಗ ರೀಲಿನಿಂದ ದಾರ ಎಷ್ಟು ಬಿಗಿಯಾಗಿ ಹೊರಡಬೇಕೆಂದು ಹೊಂದಿಸುವ ಕ್ಲಚ್ ತುಸು ಸಡಿಲಿಸಿ, ಕೊಕ್ಕೆ ಕಿತ್ತುಹೋಗುವುದು ಹೆಚ್ಚಾಗಿ ಈ ಕೊನೆಯ ಐದು ಮೀಟರಿನಲ್ಲೇ. ಬಲೆಯನ್ನು ನೀರಿನಲ್ಲಿ ಮುಳುಗಿಸಿಟ್ಟು ಮೀನನ್ನು ಅದರ ಮೇಲಕ್ಕೆ ತನ್ನಿ. ಹಿಡಿಕೆಯಿಂದ ಎತ್ತದೆ, ಬಲೆಯ ತೋಳುಗಳನ್ನು ಬಿಡಿಸಿ, ಬಟ್ಟೆಯನ್ನು ಸುತ್ತಿ ಹಿಡಿದು, ರೆಕ್ಕೆಗಳು ಮೈಗೆ ಅಂಟಿವೆಯೇ ಎಂದು ನೋಡಿ ಎತ್ತಿ. ಚಾಪೆ, ಜೋಳಿಗೆ, ನಿಮ್ಮ ಕೈ ಎಲ್ಲ ಮೊದಲೇ ಒದ್ದೆಯಾಗಿರಲಿ. ಒಣಗಿದ್ದರೆ ಮೀನಿನ ಮೈಲೋಳೆ ಅಂಟಿಬರುತ್ತದೆ, ಆ ಲೋಳೆಯೇ ಅದಕ್ಕೆ ರೋಗದಿಂದ ರಕ್ಷಣೆ. ತಕ್ಕಡಿಯನ್ನು ಒದ್ದೆ ಜೋಳಿಗೆಯೊಂದಿಗೆ ಸೊನ್ನೆಗೆ ತಂದಿರಿ. ಫೋಟೊಗೆ ಮಂಡಿಯೂರಿ, ಚಾಪೆಗೆ ಒಂದು ಗೇಣು ಮೇಲಷ್ಟೇ ಹಿಡಿಯಿರಿ. ನಿಂತು ಹಿಡಿದು ಕೈಜಾರಿದರೆ ಆ ಪೆಟ್ಟಿಗೆ ಔಷಧಿಯಿಲ್ಲ.

ಮೇ, ಜೂನ್ ತಿಂಗಳಲ್ಲಿ ಗೆಂಡೆಗಳು ದಡದ ಜೊಂಡಿನಲ್ಲಿ ಗುಂಪಾಗಿ ನೀರು ಚಿಮ್ಮಿಸುತ್ತ ಮೊಟ್ಟೆಯಿಡುವುದು ಕಂಡರೆ ರಾಡ್ ಮಡಚಿ ಮನೆಗೆ ಹೋಗಿ. ಬಲೆ, ಚಾಪೆ, ಜೋಳಿಗೆಗಳನ್ನು ಮನೆಯಲ್ಲಿ ಪೂರ್ತಿ ಒಣಗಿಸದೆ ಇನ್ನೊಂದು ಕೆರೆಗೆ ಒಯ್ಯಬೇಡಿ. ಗೆಂಡೆಗಳನ್ನು ಸಾಲುಸಾಲಾಗಿ ಕೊಲ್ಲುವ ಕೋಯ್ ಹರ್ಪಿಸ್ ವೈರಸ್ ಒದ್ದೆ ಸಾಮಾನಿನಲ್ಲಿ ಕೆರೆಯಿಂದ ಕೆರೆಗೆ ದಾಟುತ್ತದೆ. ಗೇಟಿನ ಬಳಿ ಔಷಧಿಯ ತೊಟ್ಟಿ ಇಟ್ಟಿದ್ದರೆ ಎಲ್ಲವನ್ನೂ ಅದರಲ್ಲಿ ಅದ್ದಿಯೇ ಒಳಗೆ ಹೋಗಿ.