ಅನುಪಾತ ನೋಡಿ ಹಾಯಿದೋಣಿಯ ವೇಗ ಹೇಳಬಹುದೇ?

ಪ್ರಶ್ನೆ: ದೂರ ಪ್ರಯಾಣಕ್ಕೆಂದು ಹಳೆಯ ಹಾಯಿದೋಣಿಯೊಂದನ್ನು ಕೊಳ್ಳಬೇಕೆಂದಿದ್ದೇನೆ. ನೋಡಿಟ್ಟಿರುವ ಎರಡು ದೋಣಿಗಳಲ್ಲಿ ಒಂದರ ಹಾಯಿ–ತೂಕ ಅನುಪಾತ 17.6, ಇನ್ನೊಂದರದು 15.8. ಮೊದಲನೆಯದೇ ವೇಗದ ದೋಣಿ ಎಂದು ತೀರ್ಮಾನಿಸಬಹುದೇ?

ಉತ್ತರ: ಇಲ್ಲ. ಅಂಕಿಗಳನ್ನಷ್ಟೇ ಬದಲಿಸಿಕೊಂಡು ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುವುದರಿಂದ, ಈ ಸಲ ಲೆಕ್ಕವನ್ನೇ ಬಿಡಿಸಿ ತೋರಿಸುತ್ತೇನೆ.

ಹಾಯಿ–ತೂಕ ಅನುಪಾತವೆಂದರೆ ಹಾಯಿಯ ವಿಸ್ತೀರ್ಣವನ್ನು, ದೋಣಿ ಪಕ್ಕಕ್ಕೆ ತಳ್ಳುವ ನೀರಿನ ಗಾತ್ರದ ಮೂರನೇ ಎರಡು (2/3) ಘಾತದಿಂದ ಭಾಗಿಸಿದಾಗ ಸಿಗುವ ಸಂಖ್ಯೆ. ವಿಸ್ತೀರ್ಣವನ್ನು ಚದರ ಮೀಟರಿನಲ್ಲೂ ಗಾತ್ರವನ್ನು ಘನ ಮೀಟರಿನಲ್ಲೂ ಇಟ್ಟುಕೊಳ್ಳಬೇಕು. ಕಿಲೋಗ್ರಾಂ ತೂಕವನ್ನು 1,025ರಿಂದ ಭಾಗಿಸಿದರೆ ಸಮುದ್ರದ ನೀರಿನ ಘನ ಮೀಟರು ಸಿಗುತ್ತದೆ. ಕಿಲೋಗ್ರಾಮನ್ನೇ ನೇರವಾಗಿ ಸೂತ್ರಕ್ಕೆ ಹಾಕಿ, ಉತ್ತರ ವಿಚಿತ್ರವಾಗಿದೆಯೆಂದು ದೂರುವವರು ಈ ಸಾಲನ್ನು ಇನ್ನೊಮ್ಮೆ ಓದಬೇಕಾಗಿ ವಿನಂತಿ. ಭಾರದ ಪ್ರಯಾಣದ ದೋಣಿಗಳಲ್ಲಿ ಈ ಸಂಖ್ಯೆ 14ರ ಆಸುಪಾಸಿನಲ್ಲಿರುತ್ತದೆ, ಸಾಮಾನ್ಯ ಕ್ರೂಸರುಗಳಲ್ಲಿ 16ರಿಂದ 18, ಪಂದ್ಯದ ದೋಣಿಗಳಲ್ಲಿ 20ಕ್ಕಿಂತ ಹೆಚ್ಚು. ದೋಣಿ ಯಾವ ಜಾತಿಯದೆಂದು ಗುರುತಿಸಲು ಇಷ್ಟು ಸಾಕು.

ಈ ಸಂಖ್ಯೆ ದೊಡ್ಡದಿದ್ದ ದೋಣಿಯೇ ವೇಗದ ದೋಣಿ ಎಂಬ ನಂಬಿಕೆ ಮಾತ್ರ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಒಂದು ಕಾಲ್ಪನಿಕ ದೋಣಿಯನ್ನು ತೆಗೆದುಕೊಳ್ಳೋಣ: ತೂಕ 7,300 ಕಿಲೋ, ಮುಖ್ಯ ಹಾಯಿ 30 ಚದರ ಮೀಟರು, ಹಾಯಿಕಂಬದ ಮುಂದೆ ಹಾಯಿ ಕಟ್ಟುವ ತ್ರಿಕೋನಾಕಾರದ ಜಾಗ 35 ಚದರ ಮೀಟರು. ಒಟ್ಟು 65 ಚದರ ಮೀಟರಿಗೆ ಅನುಪಾತ 17.6 ಬರುತ್ತದೆ. ಮಾರುವವರು ಮುಂದಿನ ತ್ರಿಕೋನದ ಬದಲು, ಅದರ ಒಂದೂವರೆ ಪಟ್ಟು ವಿಸ್ತೀರ್ಣವಿರುವ ಜೆನೋವಾ ಎಂಬ ದೊಡ್ಡ ಮುಂದಿನ ಹಾಯಿಯನ್ನು ಲೆಕ್ಕಕ್ಕೆ ಹಿಡಿದರೆ ಅದೇ ದೋಣಿಯ ಅನುಪಾತ 22.3ಕ್ಕೆ ಏರಿ, ಕಾಗದದ ಮೇಲೆ ಪಂದ್ಯದ ದೋಣಿಯಾಗಿಬಿಡುತ್ತದೆ. ಇನ್ನು ತೂಕದ ವಿಷಯ. ಕರಪತ್ರದಲ್ಲಿರುವ ತೂಕ ಬಹುಮಟ್ಟಿಗೆ ಖಾಲಿ ದೋಣಿಯದು. ಬೈಕಿನ ಕಂಪನಿ ಹೇಳುವ ಮೈಲೇಜನ್ನು ಎಷ್ಟು ನಂಬುತ್ತೀರೋ ಇದನ್ನೂ ಅಷ್ಟೇ ನಂಬಬೇಕು. ಕುಡಿಯುವ ನೀರು, ಡೀಸೆಲ್, ಲಂಗರು ಮತ್ತು ಅದರ ಸರಪಳಿ, ಬ್ಯಾಟರಿಗಳು, ಸಣ್ಣ ದೋಣಿ, ತಿಂಗಳುಗಟ್ಟಲೆಯ ದಿನಸಿ, ಎಂದಿಗೂ ಬಳಸದ ಆದರೆ ಬಿಟ್ಟುಬರಲು ಮನಸ್ಸಾಗದ ಸಾಮಾನು, ಇವೆಲ್ಲ ಸೇರಿ 1,800 ಕಿಲೋ ಆದರೆ 17.6 ಇದ್ದದ್ದು 15.2ಕ್ಕೆ ಇಳಿಯುತ್ತದೆ. ಒಂದೇ ದೋಣಿಗೆ 22.3, 17.6, 15.2 ಎಂಬ ಮೂರು ಉತ್ತರಗಳಿವೆ, ಮೂರೂ ಲೆಕ್ಕದ ಪ್ರಕಾರ ಸರಿ. ಹೀಗಿರುವಾಗ ಓದುಗರು ಕೇಳಿರುವ 17.6 ಮತ್ತು 15.8ರ ನಡುವಿನ ಅಂತರಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಅವರೇ ಯೋಚಿಸಲಿ.

ಎರಡೂ ದೋಣಿಗಳನ್ನು ಒಂದೇ ಕ್ರಮದಲ್ಲಿ ಅಳೆದಿದ್ದಾರೆಂದೇ ಇಟ್ಟುಕೊಂಡರೂ ಪ್ರಶ್ನೆ ಮುಗಿಯುವುದಿಲ್ಲ. ಮಂದ ಗಾಳಿಯಲ್ಲಿ ದೋಣಿಯನ್ನು ತಡೆಯುವುದು ಮುಖ್ಯವಾಗಿ ಒದ್ದೆಯಾದ ಮೈಯ ಘರ್ಷಣೆ. ಉದ್ದಕ್ಕೂ ಕೀಲ್ (ತಳದಿಂದ ನೀರಿನೊಳಕ್ಕೆ ಇಳಿದಿರುವ ಭಾಗ) ಇರುವ ಹಳೆಯ ಮಾದರಿಗೆ ಈ ಮೈ ಹೆಚ್ಚು, ಕಿರಿದಾದ ಫಿನ್ ಕೀಲ್ ಇರುವ ದೋಣಿಗೆ ಕಡಿಮೆ, ಅನುಪಾತಕ್ಕೆ ಇದರ ಸುಳಿವೇ ಇಲ್ಲ. ಮಡಚಲಾಗದ ಮೂರು ರೆಕ್ಕೆಯ ಪ್ರೊಪೆಲ್ಲರಾಗಲಿ, ತಳಕ್ಕೆ ಅಂಟಿದ ಪಾಚಿ ಮತ್ತು ಚಿಪ್ಪುಜೀವಿಗಳಾಗಲಿ ಯಾವ ಸೂತ್ರದಲ್ಲೂ ಕಾಣಿಸುವುದಿಲ್ಲ. ಗಾಳಿ ಜೋರಾದಾಗಲಂತೂ ಎಲ್ಲರೂ ಹಾಯಿ ಇಳಿಸುವವರೇ. ಆಗ ಮುಖ್ಯವಾಗುವುದು ಎಷ್ಟು ಹಾಯಿ ಇದೆ ಎಂಬುದಲ್ಲ, ದೋಣಿ ತೀರಾ ವಾಲದೆ ಎಷ್ಟು ಹಾಯಿಯನ್ನು ಹೊರಬಲ್ಲದು ಎಂಬುದು.

ತೂಕ–ಉದ್ದ ಅನುಪಾತದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಉದ್ದಕ್ಕೆ ಹೋಲಿಸಿದರೆ ದೋಣಿ ಎಷ್ಟು ಭಾರ ಎಂಬುದನ್ನು ಹೇಳುವ ಇದರಲ್ಲಿ ಅಡಿ ಮತ್ತು 2,240 ಪೌಂಡಿನ ಟನ್ನುಗಳನ್ನೇ ಬಳಸಬೇಕು. 100ರ ಹತ್ತಿರವಿದ್ದರೆ ಹಗುರ, 200 ಮಧ್ಯಮ, 300 ದಾಟಿದರೆ ಭಾರ. ಅಮೆರಿಕದ ವೆಸ್ಟ್‌ಸೇಲ್ 32 ದೋಣಿಯದು 400ಕ್ಕೂ ಹೆಚ್ಚು, ಹಾಯಿ–ತೂಕ ಅನುಪಾತವೋ 14ರಷ್ಟು. ಅದೇ ಹಳೆಯ ಮನೆತನಕ್ಕೆ ಸೇರಿದ, ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ ಸುಹೈಲಿ ಎಂಬ ದೋಣಿಯಲ್ಲಿ ಬ್ರಿಟಿಷ್ ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968–69ರ ಪಂದ್ಯವೊಂದರಲ್ಲಿ ಎಲ್ಲಿಯೂ ನಿಲ್ಲದೆ ಒಂಟಿಯಾಗಿ ಭೂಮಿಯನ್ನು ಸುತ್ತಿ ಬಂದರು. 312 ದಿನ, ಸುಮಾರು 30,000 ನಾಟಿಕಲ್ ಮೈಲಿ, ಎಂದರೆ ಸರಾಸರಿ 4 ನಾಟ್ (ಗಂಟೆಗೆ 4 ನಾಟಿಕಲ್ ಮೈಲಿ). ಸುಮಾರು 28 ಅಡಿಯ ಅದರ ನೀರುರೇಖೆಗೆ, ಎಂದರೆ ನೀರಿನ ಮಟ್ಟದಲ್ಲಿನ ಉದ್ದಕ್ಕೆ, ಉದ್ದದಿಂದ ವೇಗ ಅಂದಾಜಿಸುವ ಸೂತ್ರ ಕೊಡುವ ಗರಿಷ್ಠ ವೇಗ 7 ನಾಟ್. ಆ ಪಂದ್ಯದಲ್ಲಿ ಹೊರಟ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದವರು ಅವರೊಬ್ಬರೇ. ಹೆಚ್ಚು ವೇಗದ ಟ್ರೈಮರಾನುಗಳೂ (ಮೂರು ಒಡಲಿನ ದೋಣಿಗಳು) ಅಲ್ಲಿದ್ದವು.

ಇಷ್ಟಾದ ಮೇಲೆ, ಯಾರೂ ಕೇಳದಿದ್ದರೂ, ದೋಣಿ ಮಗುಚುವ ಅಪಾಯವನ್ನು ಅಂದಾಜಿಸುವ ‘ಮಗುಚುವ ಸಂಖ್ಯೆ’ಯ ಬಗ್ಗೆ ಹೇಳದೆ ಇರಲಾರೆ, ಏಕೆಂದರೆ ಅನುಪಾತಗಳ ಪಟ್ಟಿಯಲ್ಲಿ ಅದು ಪಕ್ಕದಲ್ಲೇ ಕೂತಿರುತ್ತದೆ. 1979ರ ಫಾಸ್ಟ್‌ನೆಟ್ ಎಂಬ ಹಾಯಿದೋಣಿ ಪಂದ್ಯದಲ್ಲಿ 303 ದೋಣಿಗಳು ಹೊರಟು, ಬಿರುಗಾಳಿಗೆ ಸಿಕ್ಕಿ 15 ಮಂದಿ ಪಂದ್ಯದಾಳುಗಳು ತೀರಿಕೊಂಡ ನಂತರ ಹುಟ್ಟಿದ ಸೂತ್ರವಿದು: ದೋಣಿಯ ಅಗಲವನ್ನು, ಅದು ತಳ್ಳುವ ನೀರಿನ ಗಾತ್ರದ ಘನಮೂಲದಿಂದ ಭಾಗಿಸಿದಾಗ 2ಕ್ಕಿಂತ ಕಡಿಮೆ ಬಂದರೆ ಒಳ್ಳೆಯದು. ಆ ವರ್ಷ ಅತಿ ಸಣ್ಣ ದೋಣಿಗಳ ವರ್ಗದಲ್ಲಿ ಪಂದ್ಯ ಮುಗಿಸಿದ ಒಂದೇ ದೋಣಿ ಕಾಂಟೆಸಾ 32 ಮಾದರಿಯ ಅಸೆಂಟ್. ಅದರ ಸಂಖ್ಯೆ 1.8, ಸೂತ್ರದ ಮಾನ ಉಳಿಯಿತು. ಆದರೆ ಈ ಸೂತ್ರಕ್ಕೆ ಭಾರ ಎಷ್ಟೆಂಬುದು ಗೊತ್ತು, ಎಲ್ಲಿದೆಯೆಂಬುದು ಗೊತ್ತಿಲ್ಲ. ಮೇಲಿನ ನಮ್ಮ ದೋಣಿಯ ಅಗಲ 3.9 ಮೀಟರು ಎಂದುಕೊಂಡರೆ ಖಾಲಿಯಿದ್ದಾಗ ಸಂಖ್ಯೆ 2.03, ಅನುತ್ತೀರ್ಣ, ಅದೇ 1,800 ಕಿಲೋ ಹೇರಿದರೆ 1.88, ಉತ್ತೀರ್ಣ. ಆ ಸಾಮಾನನ್ನೆಲ್ಲ ಡೆಕ್ಕಿನ ಮೇಲೆ ಕಟ್ಟಿದ್ದರೂ, ಹಾಯಿಕಂಬದ ತುದಿಗೇ ಏರಿಸಿದ್ದರೂ ಉತ್ತರ 1.88ರಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಮಾರುವವರಲ್ಲಿ ಈ ಸಂಖ್ಯೆಯ ಬದಲು ಸ್ಥಿರತೆಯ ರೇಖಾಚಿತ್ರವನ್ನೇ ಕೇಳಬೇಕು, ದೋಣಿ ಎಷ್ಟು ಡಿಗ್ರಿ ವಾಲುವವರೆಗೆ ತಾನಾಗಿ ಮೇಲೇಳುತ್ತದೆ ಎಂಬುದು ಅದರಲ್ಲಿರುತ್ತದೆ. ಕಾಂಟೆಸಾ 32ಕ್ಕೆ ಅದು 150 ಡಿಗ್ರಿಗಿಂತಲೂ ಹೆಚ್ಚು.