ಪದ ಪರಿಚಯ: ಫ್ರ್ಯಾಕಿಂಗ್

ಅರಸೀಕೆರೆ, ಕಡೂರು ಕಡೆ ಎರಡಿಂಚು ಬರುತ್ತಿದ್ದ ಬೋರಿನ ನೀರು ಅರ್ಧ ಇಂಚಿಗೆ ಇಳಿದರೆ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಹೈಡ್ರೋ ಫ್ರ್ಯಾಕ್ಚರಿಂಗ್ ಮಾಡ್ಸಿ ನೋಡಿ." ಹೋದ ಬೇಸಿಗೆಯಲ್ಲಿ ನಮ್ಮ ಚಿಕ್ಕಪ್ಪನಿಗೂ ಹೇಳಿದರು. ತೆಂಗಿನ ತೋಟ ಒಣಗುತ್ತಿತ್ತು, ಅವರು ಒಪ್ಪಿಕೊಂಡರು. ಆದರೆ ತಂಗಿ ಮೊಬೈಲಿನಲ್ಲಿ ಆ ಪದ ಹುಡುಕಿ ಗಾಬರಿಯಾದಳು. ಅಮೆರಿಕದಲ್ಲಿ ನಲ್ಲಿ ನೀರಿಗೆ ಬೆಂಕಿ ಹತ್ತಿಕೊಂಡ ಸುದ್ದಿ ಕಣ್ಣಿಗೆ ಬಿದ್ದಿತ್ತು. "ಅಪ್ಪಾ, ಬೇಡವೇ ಬೇಡ. ಮನೆಗೂ ಇದೇ ನೀರು ಅಲ್ವಾ?" ಅಂದಳು.

ಅವಳ ಪ್ರಶ್ನೆ ಸರಿಯಾದದ್ದೇ. ಆದರೆ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳಿವೆ.

ಫ್ರ್ಯಾಕ್ಚರ್ ಅಂದರೆ ಬಿರುಕು. ಫ್ರ್ಯಾಕ್ಚರಿಂಗ್ ಎಂಬುದನ್ನೇ ಚುಟುಕಾಗಿ ಫ್ರ್ಯಾಕಿಂಗ್ ಅನ್ನುತ್ತಾರೆ. ನಮ್ಮ ಕಡೆ ನೆಲದಡಿ ಇರುವುದು ಗ್ರಾನೈಟ್, ನೈಸ್ (gneiss) ತರಹದ ಗಟ್ಟಿ ಬಂಡೆ. ಇಂಥ ಬಂಡೆ ನೀರು ಹೀರಿಕೊಳ್ಳುವುದಿಲ್ಲ. ನೀರು ಇರುವುದು ಅದರ ಬಿರುಕುಗಳಲ್ಲಿ, ಅದನ್ನೇ ನಾವು ಸೆಲೆ ಅನ್ನುತ್ತೇವೆ. ಬೋರಿನೊಳಗೆ ಪ್ಯಾಕರ್ ಎಂಬ ಬಿರಡೆ ಇಳಿಸಿ, ಅದರ ಕೆಳಗೆ ಭಾರಿ ಒತ್ತಡದಲ್ಲಿ ನೀರು ನುಗ್ಗಿಸುತ್ತಾರೆ. ಬಿರುಕಿನಲ್ಲಿ ಕಟ್ಟಿಕೊಂಡಿದ್ದ ಮಣ್ಣು ಹೋಗುತ್ತದೆ. ಬಿರುಕು ಸ್ವಲ್ಪ ಅಗಲವಾಗಿ ಪಕ್ಕದ ಸೆಲೆಗೆ ದಾರಿ ಸಿಗಬಹುದು. ಸಾಮಾನ್ಯವಾಗಿ ಬಳಸುವುದು ಬರೀ ನೀರು. ಸೆಲೆಯೇ ಬತ್ತಿದ್ದರೆ ಮಾತ್ರ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ.

ತಂಗಿ ಓದಿದ್ದು ಇನ್ನೊಂದು ಫ್ರ್ಯಾಕಿಂಗ್, ತೈಲ ಮತ್ತು ಗ್ಯಾಸ್ ತೆಗೆಯುವುದು. ಅದರ ಮೊದಲ ಪ್ರಯೋಗ ನಡೆದದ್ದು 1947ರಲ್ಲಿ, ಅಮೆರಿಕದ ಕಾನ್ಸಾಸ್‌ನಲ್ಲಿ. ಈಗ ಆ ದೇಶದಲ್ಲಿ ಎಷ್ಟೋ ಕಡೆ ಒಂದು ಕಿಲೋಮೀಟರಿಗೂ ಆಳಕ್ಕೆ ಕೊರೆದು, ಅಲ್ಲಿಂದ ಅಡ್ಡಕ್ಕೆ ತಿರುಗಿಸಿ ಕೊರೆಯುತ್ತಾರೆ. ಶೇಲ್ ಎಂಬ ಪದರ ಕಲ್ಲನ್ನು ನೀರು, ಮರಳು, ರಾಸಾಯನಿಕ ಕಲಸಿದ ದ್ರವದಿಂದ ಸೀಳುತ್ತಾರೆ. ಬಿರುಕು ಮತ್ತೆ ಮುಚ್ಚಿಕೊಳ್ಳದಂತೆ ಮರಳು ತಡೆಯುತ್ತದೆ. 2011ರಿಂದ 2013ರ ಲೆಕ್ಕ ನೋಡಿದರೆ, ಅಲ್ಲಿನ ಅರ್ಧದಷ್ಟು ಬಾವಿಗಳಿಗೆ ತಲಾ ಸುಮಾರು 57 ಲಕ್ಷ ಲೀಟರಿಗಿಂತ ಜಾಸ್ತಿ ನೀರು ಬೇಕಾಗಿತ್ತು. ನಮ್ಮ 5,000 ಲೀಟರಿನ ಟ್ಯಾಂಕರಿನಲ್ಲಿ ಹೊಡೆದರೆ ಸಾವಿರದ ನೂರು ಲೋಡಿಗೂ ಮೇಲೆ! ಹಾಸನ, ಚಿಕ್ಕಮಗಳೂರಿನ ಬಂಡೆಯಲ್ಲಿ ಅಂಥ ಗ್ಯಾಸ್ ಇಲ್ಲ. ಅದು ಸಿಗುವುದು ಹಳೆಯ ಕಾಲದ ಕೆಸರು ಗಟ್ಟಿಯಾಗಿ ಆದ ಕಲ್ಲಿನಲ್ಲಿ.

ಇದರಿಂದ ಕುಡಿಯುವ ನೀರು ಕೆಡುತ್ತದೆಯೇ ಎಂದು ಅಧ್ಯಯನ ಮಾಡಲು 2009ರಲ್ಲಿ ಅಮೆರಿಕದ ಸಂಸತ್ತು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಗೆ, ಅಂದರೆ ಇಪಿಎಗೆ ಹೇಳಿತು. ಆ ಅಧ್ಯಯನದ ದಾರಿ ನನಗೆ ತುಂಬಾ ಇಷ್ಟ. ಅವರು ಆಳದ ಬಿರುಕನ್ನು ಮಾತ್ರ ನೋಡಲಿಲ್ಲ, ನೀರಿನ ಬೆನ್ನು ಹತ್ತಿ ಹೋದರು. ನೀರನ್ನು ಎಲ್ಲಿಂದ ಎತ್ತುತ್ತಾರೆ? ರಾಸಾಯನಿಕ ಕಲಸುವಾಗ ನೆಲಕ್ಕೆ ಚೆಲ್ಲುತ್ತದೆಯೇ? ಒತ್ತಿ ಇಳಿಸುವಾಗ ಕೇಸಿಂಗ್ ಪೈಪು, ಅದರ ಸುತ್ತಲಿನ ಸಿಮೆಂಟು ಗಟ್ಟಿಯಾಗಿವೆಯೇ? ಮೇಲೆ ವಾಪಸ್ ಬಂದ ಕೊಳಕು ನೀರನ್ನು ಹೇಗೆ ಇಡುತ್ತಾರೆ? ಕೊನೆಗೆ ಎಲ್ಲಿಗೆ ಬಿಡುತ್ತಾರೆ?

2015ರ ಕರಡು ವರದಿ, ವ್ಯಾಪಕವಾದ ಹಾನಿಗೆ ಪುರಾವೆ ಕಂಡಿಲ್ಲ ಎಂದಿತ್ತು. ಹಾಗೆ ಹೇಳಲು ಆಧಾರ ಸಾಲದು ಎಂದು ಅದನ್ನು ಪರಿಶೀಲಿಸಿದ ವಿಜ್ಞಾನಿಗಳು ಆಕ್ಷೇಪಿಸಿದರು. 2016ರ ಡಿಸೆಂಬರಿನ ಅಂತಿಮ ವರದಿಯಲ್ಲಿ ಆ ಮಾತು ಇರಲಿಲ್ಲ. ಕೆಲವು ಸಂದರ್ಭಗಳಲ್ಲಿ ಕುಡಿಯುವ ನೀರಿಗೆ ಪೆಟ್ಟು ಬೀಳಬಹುದು, ಆದರೆ ದೇಶದಲ್ಲೆಲ್ಲಾ ಎಷ್ಟು ಸಲ ಹಾಗಾಗಿದೆ ಎಂದು ಲೆಕ್ಕ ಹಾಕುವಷ್ಟು ಮಾಹಿತಿ ಇಲ್ಲ ಎಂದಿತು.

ಯಾಕೆ ಇಲ್ಲ? ಒಂದು ದೊಡ್ಡ ಕಾರಣ, ಕೊರೆಯುವ ಮೊದಲು ಆ ನೀರು ಹೇಗಿತ್ತು ಎಂದು ಎಷ್ಟೋ ಕಡೆ ಯಾರೂ ಅಳೆದಿರಲಿಲ್ಲ. ಬೆಂಕಿ ಹತ್ತುವ ಮೀಥೇನ್ ಕೆಲವು ಊರಿನ ಬಾವಿಗಳಲ್ಲಿ ತಾನಾಗಿಯೇ ಇರುತ್ತದೆ. ಅದು ಸೂಕ್ಷ್ಮಜೀವಿಗಳಿಂದ ಬಂದದ್ದೋ, ಆಳದ ಕಾವಿನಲ್ಲಿ ಹುಟ್ಟಿದ್ದೋ ಎಂದು ತಿಳಿಯಲು ಅದರ ಕಾರ್ಬನ್ ಐಸೋಟೋಪ್, ಅಂದರೆ ತೂಕದಲ್ಲಿ ಬೇರೆ ಬೇರೆಯಾದ ಕಾರ್ಬನ್ ಪರಮಾಣುಗಳ ಪ್ರಮಾಣ ನೋಡುತ್ತಾರೆ. ಅಷ್ಟಾದರೂ, ಮೊದಲಿನ ಅಳತೆ ಕೈಯಲ್ಲಿಲ್ಲದಿದ್ದರೆ ವಾದ ಮುಗಿಯುವುದಿಲ್ಲ.

ಈ ತೊಡಕು ನಮಗೂ ಇದೆ. ಈ ಬಯಲುಸೀಮೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸದಲ್ಲ, ಅದು ಬಂಡೆಯಿಂದಲೇ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಹೊಸ ಬಿರುಕು ತೆರೆದರೆ ಬೇರೆ ಸೆಲೆಯ ನೀರು ಸೇರಬಹುದು, ಆಗ ಈ ಅಂಕಿ ಮೇಲೂ ಹೋಗಬಹುದು, ಕೆಳಗೂ ಇಳಿಯಬಹುದು.

ಅದಕ್ಕೇ ತಂಗಿಗೆ ಹೇಳಿದೆ: ಬೇಡ ಅನ್ನಬೇಡ, ಮೊದಲು ನೀರು ಹಿಡಿದಿಡು. ಮೋಟಾರು ಸ್ವಲ್ಪ ಹೊತ್ತು ಓಡಲಿ, ಆಮೇಲೆ ಶುದ್ಧವಾದ ಪ್ಲಾಸ್ಟಿಕ್ ಬಾಟಲಿಗೆ ತುಂಬು. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಬಾಟಲಿ ಬೇಡ. ಬಾಟಲಿ ಮೇಲೆ ತಾರೀಖು, ಬೋರಿನ ಆಳ ಬರೆದು ಜಿಲ್ಲಾ ಕೇಂದ್ರದ ಪ್ರಯೋಗಾಲಯಕ್ಕೆ ಕೊಡು. ಫ್ಲೋರೈಡ್, ನೈಟ್ರೇಟ್, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಳತೆ) ಮೂರನ್ನೂ ಕೇಳು. ಫ್ರ್ಯಾಕ್ಚರಿಂಗ್ ಗಾಡಿ ಬಂದುಹೋದ ಮೇಲೆ ಒಂದು ಸಲ, ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ. ಅವಳು ಮೊದಲನೇ ಚೀಟಿಯನ್ನು ತೋಟದ ಪಹಣಿ ಜೊತೆ ಇಟ್ಟಿದ್ದಾಳೆ.