ದಾರಿ ಕಡಿದರೂ ಅನ್ನ ತಪ್ಪಲಿಲ್ಲ: ಇಂಫಾಲದ ಯುದ್ಧ ಆಕಾಶದಿಂದ ನಡೆದ ಬಗೆ

1944ರ ಮಾರ್ಚ್ ಕೊನೆಯ ವಾರ ಜಪಾನಿ ಸೈನಿಕರು ಇಂಫಾಲ–ಕೊಹಿಮಾ ರಸ್ತೆಯನ್ನು ಕಡಿದರು. ಮಣಿಪುರದ ಕಣಿವೆಯಲ್ಲಿದ್ದ ಬ್ರಿಟಿಷ್–ಭಾರತೀಯ ಸೇನೆಗೆ ಅಕ್ಕಿ, ಪೆಟ್ರೋಲು, ಮದ್ದುಗುಂಡು ಬರುತ್ತಿದ್ದ ಮುಖ್ಯ ದಾರಿ ಅದು. ದಿಮಾಪುರದ ರೈಲು ನಿಲ್ದಾಣದಲ್ಲಿ ಸರಕು ತುಂಬಿದ ಲಾರಿಗಳು ಕೊಹಿಮಾದ ಘಟ್ಟ ಹತ್ತಿಳಿದು ಇಂಫಾಲ ಸೇರಬೇಕಿತ್ತು. ಆ ದಾರಿ ಮುಚ್ಚಿದಾಗ ಕಣಿವೆಯೊಳಗೆ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರಿದ್ದರು. ಮತ್ತೆ ರಸ್ತೆ ತೆರೆದದ್ದು ಜೂನ್ 22ಕ್ಕೆ. ನಡುವಿನ ಮೂರು ತಿಂಗಳು ಅವರ ಊಟ, ಗುಂಡು, ಔಷಧ, ಮನೆಯಿಂದ ಬಂದ ಕಾಗದ ಎಲ್ಲವೂ ವಿಮಾನದಲ್ಲಿ ಬಂದವು.

ಇದಕ್ಕೆ ಒಂದು ವರ್ಷ ಹಿಂದಷ್ಟೇ, ಸ್ಟಾಲಿನ್‌ಗ್ರಾಡಿನಲ್ಲಿ ಸುತ್ತುವರಿಯಲ್ಪಟ್ಟ ಜರ್ಮನ್ ಸೇನೆಯನ್ನು ವಿಮಾನದಿಂದಲೇ ಸಾಕುತ್ತೇವೆ ಎಂದು ಹಿಟ್ಲರನ ವಾಯುಪಡೆ ಹೊರಟಿತ್ತು. ಬೇಕಾದದ್ದರ ಅರ್ಧವೂ ತಲುಪಲಿಲ್ಲ. 1943ರ ಫೆಬ್ರವರಿ ಆರಂಭದಲ್ಲಿ ಆ ಸೇನೆ ಶರಣಾಯಿತು. ಅಲ್ಲಿ ಸೋತ ಉಪಾಯ ಇಂಫಾಲದಲ್ಲಿ ಗೆದ್ದದ್ದು ಅದೃಷ್ಟದಿಂದಲ್ಲ. ಅದರ ಹಿಂದೆ ಎರಡು ವರ್ಷಗಳ ಸೋಲಿನ ಪಾಠವಿದೆ. ಹೆಸರಿಲ್ಲದ ಸಾವಿರಾರು ಜನರ ಮೈಮುರಿಯುವ ದುಡಿಮೆಯೂ ಇದೆ. ಸೇನಾಪತಿಗಳ ಹೆಸರಿನಲ್ಲೇ ಮುಗಿದುಹೋಗುವ ಯುದ್ಧದ ಕಥೆಗಳಲ್ಲಿ ಈ ಭಾಗ ಮತ್ತೆ ಮತ್ತೆ ಬಿಟ್ಟುಹೋಗುತ್ತದೆ.

ಮೊದಲ ಪಾಠ 1942ರದ್ದು. ಆ ವರ್ಷ ಮಾರ್ಚ್ 8ರಂದು ರಂಗೂನ್ ಜಪಾನಿಗಳ ಕೈಸೇರಿತು. ಬ್ರಿಟಿಷ್ ಮತ್ತು ಭಾರತೀಯ ಪಡೆಗಳು ಸಾವಿರ ಮೈಲಿಯಷ್ಟು ಹಿಂದೆ ಸರಿದು, ಮಳೆಗಾಲದ ಹೊತ್ತಿಗೆ ಮಣಿಪುರದ ಗಡಿ ಸೇರಿದವು. ಅವರ ಜೊತೆಗೆ, ಅವರಿಗಿಂತ ಮುಂಚೆ, ಅವರ ನಂತರ ಬರ್ಮಾದಲ್ಲಿ ನೆಲೆಸಿದ್ದ ಲಕ್ಷಾಂತರ ಭಾರತೀಯರು ಕಾಡುದಾರಿಯಲ್ಲಿ ನಡೆದು ಬಂದರು. ಹಸಿವು, ಕಾಲರಾ, ಮಲೇರಿಯಾಕ್ಕೆ ಸಿಕ್ಕಿ ದಾರಿಯಲ್ಲೇ ಸತ್ತವರ ಸರಿಯಾದ ಲೆಕ್ಕ ಯಾರೂ ಇಡಲಿಲ್ಲ. ಅಸ್ಸಾಮಿನ ಚಹಾ ತೋಟಗಳ ಕೂಲಿಗಳನ್ನು ತಂದು ರಸ್ತೆ ಕಡಿಸಿದ್ದು, ನಿರಾಶ್ರಿತರ ಶಿಬಿರ ಕಟ್ಟಿಸಿದ್ದು ಆಗಲೇ. ಮುಂದೆ ಇದೇ ಗಡಿಯಲ್ಲಿ ಯುದ್ಧ ನಡೆಯಲು ಸಾಧ್ಯವಾದದ್ದು ಅವರು ಅಗೆದ ಮಣ್ಣಿನ ಮೇಲೆ.

ಈ ಹಿಮ್ಮೆಟ್ಟುವಿಕೆಯಲ್ಲಿ ಜಪಾನಿಗಳ ತಂತ್ರ ಒಂದೇ ಬಗೆಯದಾಗಿತ್ತು. ಎದುರಿನಿಂದ ಒಂದಿಷ್ಟು ಒತ್ತಡ, ಅಷ್ಟರಲ್ಲಿ ಕಾಡಿನೊಳಗೆ ಸುತ್ತುಹಾಕಿ ಬಂದ ಇನ್ನೊಂದು ತುಕಡಿಯಿಂದ ಹಿಂದಿನ ರಸ್ತೆಗೆ ತಡೆ. ಲಾರಿಗಳನ್ನೇ ನಂಬಿದ್ದ ಸೇನೆಗೆ ಬೆನ್ನ ಹಿಂದಿನ ರಸ್ತೆ ಹೋಯಿತೆಂದರೆ ಎದೆ ಒಡೆಯುತ್ತಿತ್ತು. ಇದ್ದಬದ್ದದ್ದನ್ನು ಬಿಟ್ಟು ಹಿಂದೆ ಓಡುತ್ತಿತ್ತು. 1942ರ ಕೊನೆಗೆ ಆರಂಭವಾದ, ಬರ್ಮಾದ ಪಶ್ಚಿಮ ಕರಾವಳಿಯ ಅರಕಾನಿನ ಮೇಲೆ ಬ್ರಿಟಿಷರ ಮೊದಲ ದಾಳಿಯೂ 1943ರ ಮೇ ವೇಳೆಗೆ ಹೀಗೇ ಕುಸಿಯಿತು.

ರಸ್ತೆಯೇ ಬೇಡವೆನ್ನುವ ಸೇನೆಯೊಂದು ಸಾಧ್ಯವೇ ಎಂದು ಮೊದಲು ಪರೀಕ್ಷಿಸಿದವನು ಬ್ರಿಟಿಷ್ ಸೇನಾಧಿಕಾರಿ ಆರ್ಡ್ ವಿಂಗೇಟ್. 1943ರ ಫೆಬ್ರವರಿಯಲ್ಲಿ ಅವನ ಸುಮಾರು 3,000 ಜನರ ಚಿಂಡಿಟ್ ಪಡೆ ಹೇಸರಗತ್ತೆಗಳೊಂದಿಗೆ ಬರ್ಮಾದ ಚಿಂದ್ವಿನ್ ನದಿ ದಾಟಿ ಶತ್ರುವಿನ ಬೆನ್ನ ಹಿಂದೆ ಹೋಯಿತು. ಊಟವೆಲ್ಲ ಆಕಾಶದಿಂದ ಬೀಳಬೇಕಿತ್ತು. ಮೂರರಲ್ಲಿ ಒಂದು ಪಾಲು ಜನ ಹಿಂದಿರುಗಲಿಲ್ಲ. ಬಂದವರಲ್ಲೂ ಹಲವರು ಮತ್ತೆ ಯುದ್ಧಕ್ಕೆ ಆಗುವ ಸ್ಥಿತಿಯಲ್ಲಿರಲಿಲ್ಲ. ಯುದ್ಧದ ಲಾಭನಷ್ಟದಲ್ಲಿ ಅದು ನಷ್ಟವೇ. ಆದರೆ ವಯರ್‌ಲೆಸ್ ಒಂದಿದ್ದರೆ ಕಾಡಿನ ನಡುವೆ ಇರುವ ತುಕಡಿಗೂ ವಿಮಾನ ಅನ್ನ ತಲುಪಿಸಬಲ್ಲದು ಎಂಬುದು ಖಚಿತವಾಯಿತು.

1943ರ ಕೊನೆಗೆ ಈ ರಂಗದ ಬ್ರಿಟಿಷ್–ಭಾರತೀಯ ಪಡೆಗಳ 14ನೇ ಸೇನೆಯ ನಾಯಕತ್ವ ವಹಿಸಿಕೊಂಡ ವಿಲಿಯಂ ಸ್ಲಿಮ್ ಈ ಪ್ರಯೋಗವನ್ನು ಇಡೀ ಸೇನೆಯ ಪದ್ಧತಿಯಾಗಿ ಮಾಡಿದ. ಅವನ ಆದೇಶ ಸರಳವಾಗಿತ್ತು: ಸುತ್ತುವರಿದರೆ ಹಿಂದೆ ಸರಿಯಬೇಡಿ, ಇದ್ದಲ್ಲೇ ಗಟ್ಟಿಯಾಗಿ ಕೂತುಕೊಳ್ಳಿ, ಊಟ ನಾವು ಮೇಲಿನಿಂದ ಕಳಿಸುತ್ತೇವೆ. ಹೇಳುವುದು ಸುಲಭ. ಡಕೋಟಾ ವಿಮಾನವೊಂದು ಹೊರುತ್ತಿದ್ದದ್ದು ಎರಡೂವರೆಯಿಂದ ಮೂರು ಟನ್. ಅದು ಬಂದೂಕಿಲ್ಲದ, ನಿಧಾನವಾಗಿ ಹಾರುವ ಸರಕು ವಿಮಾನ. ಆಕಾಶ ನಮ್ಮದಾಗದೆ ಅದನ್ನು ಕಳಿಸುವಂತಿಲ್ಲ. 1943ರ ಚಳಿಗಾಲದ ಹೊತ್ತಿಗೆ ಸ್ಪಿಟ್‌ಫೈರ್ ವಿಮಾನಗಳು ಈ ರಂಗಕ್ಕೆ ಬಂದು ಜಪಾನಿ ವಿಮಾನಗಳನ್ನು ಹಿಂದಕ್ಕಟ್ಟಿದ ಮೇಲೆಯೇ ಡಕೋಟಾಗಳಿಗೆ ಹಗಲು ಹಾರುವ ಧೈರ್ಯ ಬಂತು. ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನರಿಗೆ ಇಲ್ಲದೆ ಹೋದದ್ದು ಮುಖ್ಯವಾಗಿ ಇದೇ.

ಪ್ಯಾರಾಚೂಟಿಗೂ ಬರವಿತ್ತು. ರೇಷ್ಮೆಯ ಪ್ಯಾರಾಚೂಟುಗಳು ಯುರೋಪಿನ ರಂಗಕ್ಕೆ ಹೋಗುತ್ತಿದ್ದವು. ಬರ್ಮಾಕ್ಕೆ ಸಿಗುತ್ತಿದ್ದದ್ದು ಕೊನೆಯ ಪಾಲು. ಆಗ ಸ್ಲಿಮ್‌ನ ಅಧಿಕಾರಿಗಳು ಕಲ್ಕತ್ತೆಯ ಸೆಣಬಿನ ಗಿರಣಿಗಳ ಬಾಗಿಲು ತಟ್ಟಿದರು. ಗೋಣಿಚೀಲ ನೇಯುವ ಸೆಣಬಿನಿಂದಲೇ ಪ್ಯಾರಾಚೂಟ್ ಆಯಿತು. ಮನುಷ್ಯರನ್ನು ಇಳಿಸಲು ಅದು ಬಾರದು, ಆದರೆ ಸರಕಿಗೆ ಸಾಕು. ರೇಷ್ಮೆಯದಕ್ಕೆ 20 ಪೌಂಡ್ ಬೀಳುತ್ತಿದ್ದರೆ ಇದಕ್ಕೆ ಒಂದು ಪೌಂಡಿಗಿಂತ ತುಸು ಹೆಚ್ಚು.

ಅಕ್ಕಿ, ಹಿಟ್ಟು, ಮೇವಿಗಂತೂ ಪ್ಯಾರಾಚೂಟೂ ಇಲ್ಲ. ಒಂದು ಗೋಣಿಚೀಲದೊಳಗೆ ಇನ್ನೊಂದನ್ನಿಟ್ಟು, ಬಾಯಿವರೆಗೆ ತುಂಬದೆ ಸಡಿಲಾಗಿ ಹೊಲಿಯುತ್ತಿದ್ದರು. ನೆಲಕ್ಕೆ ಬಡಿದಾಗ ಒಳಚೀಲ ಒಡೆದರೂ ಹೊರಚೀಲ ಕಾಳನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಡಕೋಟಾದ ಬಾಗಿಲು ಕಳಚಿ, ಮೂಟೆಗಳನ್ನು ಅದರ ಬಳಿ ಪೇರಿಸಿ, ಪೈಲಟ್ ಸನ್ನೆ ಕೊಟ್ಟಾಗ ಜನ ಬೆನ್ನು ಊರಿ ಕಾಲಿನಿಂದ ಒದ್ದು ತಳ್ಳಬೇಕು. ಒಂದು ಸುತ್ತಿಗೆ ಕೆಲವೇ ಮೂಟೆ. ಮತ್ತೆ ತಿರುಗಿ, ಬೆಟ್ಟಗಳ ನಡುವಿನ ಕಿರಿದಾದ ಜಾಗಕ್ಕೆ ನುಗ್ಗಿ, ಇನ್ನಷ್ಟು. ಕೆಳಗೆ ಕಾದಿದ್ದ ಸೈನಿಕರು ಬೀಳುವ ಮೂಟೆಯ ಏಟಿಗೇ ಸತ್ತದ್ದುಂಟು. ಹಿಂದೂ, ಮುಸ್ಲಿಂ, ಸಿಖ್, ಗೂರ್ಖಾ, ಬ್ರಿಟಿಷ್, ಆಫ್ರಿಕನ್ ಪಡೆಗಳಿಗೆ ಬೇರೆ ಬೇರೆ ರೇಷನ್ ಇದ್ದದ್ದರಿಂದ ಯಾವ ಬೆಟ್ಟಕ್ಕೆ ಯಾವ ಮೂಟೆ ಎಂಬ ಲೆಕ್ಕವೂ ತಪ್ಪುವಂತಿರಲಿಲ್ಲ. ಈ ಲೆಕ್ಕ ಇಟ್ಟವರು, ಚೀಲ ಹೊಲಿದವರು, ಮೂಟೆ ಒದ್ದವರು ಬಹುಪಾಲು ಭಾರತೀಯರು.

ಪದ್ಧತಿಯ ಮೊದಲ ಪರೀಕ್ಷೆ ಅರಕಾನಿನಲ್ಲಿ ನಡೆಯಿತು. 1944ರ ಫೆಬ್ರವರಿ ಮೊದಲ ವಾರ ಜಪಾನಿಗಳು ಹಳೆಯ ತಂತ್ರದಂತೆ 7ನೇ ಭಾರತೀಯ ಡಿವಿಷನ್ನಿನ ಬೆನ್ನಿಗೆ ಬಂದರು. ಸಿಂಜ್ವೆಯಾ ಎಂಬಲ್ಲಿ ಗುಮಾಸ್ತರು, ಅಡುಗೆಯವರು, ಚಾಲಕರೆಲ್ಲ ಬಂದೂಕು ಹಿಡಿದು ‘ಅಡ್ಮಿನ್ ಬಾಕ್ಸ್’ ಎಂದು ಹೆಸರಾದ ಕೋಟೆ ಕಟ್ಟಿಕೊಂಡರು. ಅಲ್ಲಿದ್ದ ಆಸ್ಪತ್ರೆಗೆ ರಾತ್ರಿ ನುಗ್ಗಿದ ಜಪಾನಿ ಸೈನಿಕರು ಗಾಯಾಳುಗಳನ್ನೂ ವೈದ್ಯರನ್ನೂ ಕೊಂದರು. ಆದರೂ ಬಾಕ್ಸ್ ಬೀಳಲಿಲ್ಲ. ಆ ಕೆಲವು ವಾರಗಳಲ್ಲಿ 7ನೇ ಡಿವಿಷನ್ನಿಗೆ ಸುಮಾರು 2,300 ಟನ್ ಸರಕು ಬಿತ್ತು. ಹಸಿದದ್ದು ಸುತ್ತುಹಾಕಿದವರೇ.

ಇದನ್ನು ನೋಡಿಯೂ ಜಪಾನಿನ 15ನೇ ಸೇನೆಯ ನಾಯಕ ಮುತಾಗುಚಿ ಮನಸ್ಸು ಬದಲಿಸಲಿಲ್ಲ. ಮಾರ್ಚ್‌ನಲ್ಲಿ ಸುಮಾರು 85,000 ಸೈನಿಕರು ಚಿಂದ್ವಿನ್ ದಾಟಿದರು. ಕೈಯಲ್ಲಿದ್ದದ್ದು ಮೂರು ವಾರದ ಊಟ. ಅಷ್ಟರೊಳಗೆ ಇಂಫಾಲದ ಉಗ್ರಾಣಗಳನ್ನು ಹಿಡಿದು ಅಲ್ಲಿಂದ ಉಣ್ಣುವ ಯೋಜನೆ. ಹೊರೆ ಹೊರಲಿ, ಆಮೇಲೆ ಆಹಾರವೂ ಆಗಲಿ ಎಂದು ಜೊತೆಗೆ ಹೊಡೆದುಕೊಂಡು ಬಂದ ಸಾವಿರಾರು ದನಗಳು ನದಿಯಲ್ಲಿ, ಬೆಟ್ಟದ ಏರಿನಲ್ಲಿ ಸತ್ತುಹೋದವು.

ಇತ್ತ ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮಹಾದಂಡನಾಯಕ ಮೌಂಟ್‌ಬ್ಯಾಟನ್, ಹಿಮಾಲಯದ ಮೇಲೆ ಚೀನಾಕ್ಕೆ ಸರಕು ಒಯ್ಯುತ್ತಿದ್ದ ಅಮೆರಿಕನ್ ವಿಮಾನಗಳಲ್ಲಿ 20 ದೊಡ್ಡ ಸಿ-46ಗಳನ್ನು, ವಾಷಿಂಗ್ಟನ್ನಿನ ಒಪ್ಪಿಗೆಗೆ ಕಾಯದೆ, ಈ ಕಡೆ ತಿರುಗಿಸಿದ. ಅರಕಾನಿನಲ್ಲಿ ಹೋರಾಡುತ್ತಿದ್ದ 5ನೇ ಭಾರತೀಯ ಡಿವಿಷನ್ ತನ್ನ ಫಿರಂಗಿ, ಜೀಪು, ಹೇಸರಗತ್ತೆಗಳ ಸಮೇತ ಹನ್ನೊಂದು ದಿನಗಳಲ್ಲಿ ಇಂಫಾಲ ಮತ್ತು ದಿಮಾಪುರಕ್ಕೆ ಬಂದಿಳಿಯಿತು. ಅದರ 161ನೇ ಬ್ರಿಗೇಡ್ ಕೊಹಿಮಾಕ್ಕೆ ಹೋಯಿತು.

ಕೊಹಿಮಾದ ದಿಬ್ಬದ ಮೇಲೆ ಇದ್ದವರು, ಯುದ್ಧ ಮಾಡದವರೂ ಸೇರಿ, ಎರಡೂವರೆ ಸಾವಿರದಷ್ಟು ಜನ. ಎದುರಿಗೆ ಇಡೀ ಒಂದು ಜಪಾನಿ ಡಿವಿಷನ್. ನೀರಿನ ಒರತೆಗಳು ಶತ್ರುವಿನ ಕೈಸೇರಿದಾಗ ವಾಹನದ ಟ್ಯೂಬುಗಳಲ್ಲಿ ನೀರು ತುಂಬಿ ವಿಮಾನದಿಂದ ಎಸೆದರು. ಎರಡು ಬಣಗಳ ನಡುವೆ ಇದ್ದದ್ದು ಜಿಲ್ಲಾಧಿಕಾರಿ ಬಂಗಲೆಯ ಟೆನಿಸ್ ಅಂಗಳದಷ್ಟು ಜಾಗ. ಹಾಗಾಗಿ ಎಸೆದದ್ದೆಲ್ಲ ನಮ್ಮವರಿಗೇ ಬೀಳಲಿಲ್ಲ. ಮಾರ್ಟರ್ ಗುಂಡುಗಳು ಜಪಾನಿಗಳಿಗೆ ಸಿಕ್ಕಿ ಅವು ತಿರುಗಿ ಇತ್ತಲೇ ಬಂದವು.

ಇಂಫಾಲದ ಕಣಿವೆಯಲ್ಲಿ ಆರು ವಿಮಾನ ನೆಲೆಗಳಿದ್ದದ್ದು ಪುಣ್ಯ. ಅಲ್ಲಿ ಎಸೆಯುವುದಷ್ಟೇ ಅಲ್ಲ, ಇಳಿಸಲೂ ಆಗುತ್ತಿತ್ತು. ಹಿಂದಿರುಗುವ ವಿಮಾನಗಳು ಸುಮಾರು 13,000 ಗಾಯಾಳು ಮತ್ತು ರೋಗಿಗಳನ್ನೂ, ಯುದ್ಧಕ್ಕೆ ಬೇಡದ 43,000 ಜನರನ್ನೂ ಹೊರಗೆ ಸಾಗಿಸಿದವು. ಉಣ್ಣುವ ಬಾಯಿ ಕಡಿಮೆ ಮಾಡುವುದೂ ಸರಬರಾಜಿನ ಭಾಗವೇ. ಉಳಿದವರ ಊಟ ಮೂರರಲ್ಲಿ ಎರಡು ಪಾಲಿಗೆ ಇಳಿಯಿತು. ಮಳೆ ಹಿಡಿದ ಮೇಲೂ, ಮೋಡ ಬೆಟ್ಟವನ್ನು ಮುಚ್ಚಿದ ದಿನಗಳಲ್ಲೂ ಪೈಲಟ್‌ಗಳು ಹಾರಿದರು. ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಇದೇ ಕಣಿವೆಯಿಂದ ಹರಿಕೇನ್‌ಗಳಲ್ಲಿ ಹಾರಿ ಶತ್ರುವಿನ ಜಾಡು ಹಿಡಿಯುತ್ತಿತ್ತು. ಅದರ ನಾಯಕ ಅರ್ಜನ್ ಸಿಂಗ್ ಮುಂದೆ ನಮ್ಮ ವಾಯುಪಡೆಯ ಮುಖ್ಯಸ್ಥರಾದರು.

ಈ ಯುದ್ಧದ ಎರಡೂ ಕಡೆ ಭಾರತೀಯರಿದ್ದರು ಎಂಬುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಜಪಾನಿಗಳ ಜೊತೆ ಬಂದಿತ್ತು. ಏಪ್ರಿಲ್ 14ರಂದು ಮೊಯಿರಾಂಗಿನಲ್ಲಿ ಬಾವುಟ ಹಾರಿಸಿತು. ಅವರಿಗೆ ಆಕಾಶದಿಂದ ಏನೂ ಬೀಳಲಿಲ್ಲ. ಮಳೆ, ಮಲೇರಿಯಾ, ಹಸಿವು ಅವರನ್ನು ಗುಂಡಿಗಿಂತ ಹೆಚ್ಚು ಕಾಡಿತು. ಕೊಹಿಮಾದಲ್ಲಿ ಜಪಾನಿ ಸೇನಾಪತಿ ಸಾತೋ, ನನ್ನವರಿಗೆ ಅನ್ನವಿಲ್ಲ ಎಂದು ಮೇಲಿನ ಆಜ್ಞೆಯನ್ನೇ ಮೀರಿ ಹಿಂದೆ ಸರಿದ. ಸತ್ತ ಸುಮಾರು 30,000 ಜಪಾನಿಯರಲ್ಲಿ ಹೆಚ್ಚಿನವರನ್ನು ಕೊಂದದ್ದು ಹಸಿವು ಮತ್ತು ರೋಗ.

ಇಷ್ಟು ವಿಮಾನಗಳನ್ನು ಹಾರುವ ಸ್ಥಿತಿಯಲ್ಲಿ ಇಟ್ಟ ಕೆಲಸದ ಒಂದು ಪಾಲು ಬೆಂಗಳೂರಿನದು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜಮೀನು ಮತ್ತು ಬಂಡವಾಳದ ನೆರವಿನಿಂದ ಇಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಟ್ಟಿದ್ದರು. ವಿಮಾನ ತಯಾರಿಸುವ ಕನಸಿನಿಂದ ಹುಟ್ಟಿದ ಕಾರ್ಖಾನೆಯನ್ನು ಯುದ್ಧ ದುರಸ್ತಿ ಕೇಂದ್ರವಾಗಿ ತಿರುಗಿಸಿತು. 1943ರಲ್ಲಿ ಅದರ ಆಡಳಿತ ಅಮೆರಿಕದ ವಾಯುಪಡೆಗೆ ಹೋಗಿ, ಅದು 84ನೇ ಏರ್ ಡಿಪೋ ಆಯಿತು. ಬರ್ಮಾ ರಂಗದಲ್ಲಿ ಸವೆದ ಡಕೋಟಾಗಳೂ ಎಂಜಿನ್‌ಗಳೂ ಇಲ್ಲಿ ಬಿಚ್ಚಿ ಜೋಡಿಸಲ್ಪಟ್ಟವು. ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದವು. ಸುತ್ತಲಿನ ಹಳ್ಳಿಗಳಿಂದ ಕೆಲಸಕ್ಕೆ ಬಂದ ಹುಡುಗರು ಕಲಿತ ಕೈಚಳಕವೇ ಯುದ್ಧದ ನಂತರ ಈ ಊರಿಗೆ ಉಳಿದ ಬಂಡವಾಳ.

1945ರಲ್ಲಿ ಸ್ಲಿಮ್ ಇರಾವದಿ ದಾಟಿ ಮಾರ್ಚ್ ಆರಂಭದಲ್ಲಿ ಮಧ್ಯ ಬರ್ಮಾದ ಮೈಕ್ತಿಲಾ ಹಿಡಿದದ್ದೂ ವಿಮಾನದ ಬಲದಿಂದಲೇ. ಅರಕಾನ್ ಕರಾವಳಿಯ ಅಕ್ಯಾಬ್, ರಾಮ್ರೀ ವಿಮಾನ ನೆಲೆಗಳಿಗಾಗಿ ನಡೆದ ಹೋರಾಟದ ಜೊತೆಗೆ, ಸಮೀಪದ ಕಾಂಗಾವ್‌ನಲ್ಲಿ ಭೀಕರ ಕಾಳಗ ನಡೆಯಿತು. ಅಲ್ಲಿ ಒಂದು ಬ್ರಿಗೇಡಿನ ಮೂರೂ ಬೆಟಾಲಿಯನ್‌ಗಳ ನಾಯಕರು ಭಾರತೀಯರು: ಕೊಡಗಿನ ಕೆ.ಎಸ್. ತಿಮ್ಮಯ್ಯ, ಎಸ್.ಪಿ.ಪಿ. ಥೋರಟ್, ಎಲ್.ಪಿ. ಸೇನ್.

ಬರ್ಮಾದಲ್ಲಿ ಕಲಿತ ಈ ವಿದ್ಯೆ ಎರಡೇ ವರ್ಷದಲ್ಲಿ ಮತ್ತೆ ಬೇಕಾಯಿತು. ಕಾಶ್ಮೀರದ ಯುದ್ಧದಲ್ಲಿ, 1947ರ ಅಕ್ಟೋಬರ್ 27ರಿಂದ ಶ್ರೀನಗರಕ್ಕೆ ಸೈನಿಕರನ್ನು ಒಯ್ದದ್ದು ಅದೇ ಡಕೋಟಾಗಳು. ಅಲ್ಲಿ 161ನೇ ಬ್ರಿಗೇಡನ್ನು ನಡೆಸಿದವರು ಅದೇ ಸೇನ್. ಅರಕಾನಿನಲ್ಲಿ 6ನೇ ಸ್ಕ್ವಾಡ್ರನ್ ನಡೆಸಿದ್ದ ಮೆಹರ್ ಸಿಂಗ್ ಮುತ್ತಿಗೆಗೆ ಸಿಕ್ಕ ಪೂಂಛ್‌ಗೆ ಸರಕು ಇಳಿಸಿದರು. 1948ರ ಮೇ 24ರಂದು, ಸೋನಂ ನೋರ್ಬು ಎಂಬ ಎಂಜಿನಿಯರ್ ಸ್ಥಳೀಯರಿಂದ ಹದಮಾಡಿಸಿದ್ದ ಮರಳಿನ ಪಟ್ಟಿಯ ಮೇಲೆ, ಸುಮಾರು 11,500 ಅಡಿ ಎತ್ತರದ ಲೇಹ್‌ನಲ್ಲಿ ಮೊದಲ ಡಕೋಟಾ ಇಳಿಯಿತು. ಓಡಿಸಿದವರು ಮೆಹರ್ ಸಿಂಗ್, ಜೊತೆಗೆ ಕೂತವರು ತಿಮ್ಮಯ್ಯ. ಮುಂದಿನ ದಿನಗಳಲ್ಲಿ ಅದೇ ಪಟ್ಟಿಯ ಮೇಲೆ ಗೂರ್ಖಾ ಸೈನಿಕರು ಬಂದಿಳಿದರು, ಲೇಹ್ ಉಳಿಯಿತು.